ಸೂಡಿಯ ಬಾವಿ ಮತ್ತು ಅಜ್ಜನ ಬಿಲ್ಲು

ಗದಗ ಜಿಲ್ಲೆಯ ಸೂಡಿಗೆ ಹೋದವರು ಸಾಮಾನ್ಯವಾಗಿ ಜೋಡು ಕಳಸದ ಗುಡಿ ನೋಡುತ್ತಾರೆ, ಮಲ್ಲಿಕಾರ್ಜುನ ಗುಡಿ ನೋಡುತ್ತಾರೆ, ಕೊನೆಗೆ ನಾಗಕುಂಡದ ಅಂಚಿಗೆ ಬಂದು ನಿಲ್ಲುತ್ತಾರೆ. ನಾನೂ ಹಾಗೆಯೇ ನಿಂತಿದ್ದೆ. ಕಲ್ಯಾಣ ಚಾಲುಕ್ಯರ ಕಾಲದ ಬಾವಿ ಅದು. ಒಳಗೆ ಕೆತ್ತಿದ ಕಲ್ಲಿನ ಗೋಡೆ, ಕೆಳಗಿಳಿಯಲು ಮೆಟ್ಟಿಲು. ಬಾವಿ ಎನ್ನುವುದಕ್ಕಿಂತ ನೆಲದೊಳಗೆ ಇಳಿಬಿಟ್ಟ ಗುಡಿ ಎನ್ನಬೇಕು.

ಅಲ್ಲಿ ಶಾಲೆಯ ಚೀಲ ಹೆಗಲಿಗೇರಿಸಿಕೊಂಡ ಹುಡುಗನೊಬ್ಬ ಇದ್ದ. ಎಂಟನೆಯದೋ ಒಂಬತ್ತನೆಯದೋ ಓದುತ್ತಿರಬೇಕು. ಊರಿಗೆ ಬಂದ ಹೊಸಬನನ್ನು ಮಾತನಾಡಿಸುವ ಉಮೇದು ಅವನಿಗೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಸರ್, ಬಾವಿ ತೋಡೂಮುಂದ ನೀರು ಬಂದಿರಬೇಕಲ್ರಿ? ನೀರಾಗ ನಿಂತು ಕಲ್ಲು ಹೆಂಗ ಇಟ್ರು?"

ನನಗೆ ಉತ್ತರ ಗೊತ್ತಿರಲಿಲ್ಲ. ನಿಮ್ಮ ಮೇಷ್ಟರನ್ನು ಕೇಳಲಿಲ್ಲವೇ ಎಂದೆ. "ಅದು ಪರೀಕ್ಷೆದಾಗ ಬರಂಗಿಲ್ರಿ" ಎಂದು ನಕ್ಕ. ಆಮೇಲೆ ತನ್ನ ಸಮಾಜ ವಿಜ್ಞಾನದ ಪ್ರಾಜೆಕ್ಟ್ ತೆಗೆದು ತೋರಿಸಿದ. 'ಭಾರತದ ಐತಿಹಾಸಿಕ ಸ್ಮಾರಕಗಳು' ಎಂದು ಅದರ ಹೆಸರು. ತಾಜಮಹಲ್ ಇತ್ತು, ಕುತುಬ್ ಮಿನಾರ್ ಇತ್ತು, ಹಂಪಿಯ ಕಲ್ಲಿನ ರಥ ಇತ್ತು. ಎಲ್ಲವೂ ಸ್ಟೇಷನರಿ ಅಂಗಡಿಯ ಚಿತ್ರದ ಹಾಳೆಯಿಂದ ಕತ್ತರಿಸಿ ಅಂಟಿಸಿದವು. ಅಂಟಿಸಿದವಳು ಅಕ್ಕ. ಅವನು ಬರೆದದ್ದು ತನ್ನ ಹೆಸರು ಮತ್ತು ಕ್ರಮಾಂಕ ಮಾತ್ರ. ಸಾವಿರ ವರ್ಷದ ಸ್ಮಾರಕಗಳ ನಡುವೆ ಆಡಿ ಬೆಳೆದ ಹುಡುಗನ ಪ್ರಾಜೆಕ್ಟಿನಲ್ಲಿ ಸೂಡಿ ಇರಲಿಲ್ಲ!

ಚೀಲದೊಳಗೆ ಒಂದು ಪ್ರಾಜೆಕ್ಟ್ ಇತ್ತು, ಬಾಯಲ್ಲಿ ಒಂದು ಪ್ರಶ್ನೆ ಇತ್ತು. ಮೊದಲನೆಯದಕ್ಕೆ ಅಂಕ ಸಿಗುತ್ತದೆ, ಎರಡನೆಯದಕ್ಕೆ ಸಿಗುವುದಿಲ್ಲ. ನಿಜ ಹೇಳಬೇಕೆಂದರೆ ಪ್ರಾಜೆಕ್ಟ್ ಎಂಬ ಪಾಠಕ್ರಮ ಹುಟ್ಟಿದ್ದೇ ಆ ಎರಡನೆಯದಕ್ಕಾಗಿ. ಅದು ಹೇಗೆ ತಲೆಕೆಳಗಾಯಿತು? ಅದರ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡುವುದು ಒಳ್ಳೆಯದು. ಆ ಚರಿತ್ರೆಯಲ್ಲಿ ನಮ್ಮವರೂ ಇದ್ದಾರೆ.

ಒಂದು ಪದದ ಪಯಣ

ಪ್ರಾಜೆಕ್ಟ್ ಎಂಬ ಪದ ಶಿಕ್ಷಣಕ್ಕೆ ಬಂದದ್ದು ಕಟ್ಟಡ ಕಟ್ಟುವವರ ಕಡೆಯಿಂದ. 16ನೆಯ ಶತಮಾನದ ಕೊನೆಗೆ ರೋಮ್ ನಗರದ ಕಲಾ ಅಕಾಡೆಮಿಯಲ್ಲಿ ವಾಸ್ತುಶಿಲ್ಪ ಕಲಿಯುವವರಿಗೆ ಪಾಠ ಒಪ್ಪಿಸಿದರೆ ಸಾಲದು ಎನ್ನಿಸಿತು. ಒಂದು ಗುಡಿಯನ್ನೋ ಸ್ಮಾರಕವನ್ನೋ ನೀವೇ ಯೋಚಿಸಿ ನಕ್ಷೆ ತನ್ನಿ ಎಂದು ಅವರಿಗೆ ಹೇಳಲಾಯಿತು. ಮುಂದೆ ಪ್ಯಾರಿಸ್ಸಿನಲ್ಲೂ ಅಮೆರಿಕದ ತಾಂತ್ರಿಕ ಕಾಲೇಜುಗಳಲ್ಲೂ ಈ ಕ್ರಮ ಬೆಳೆಯಿತು.

ಅದನ್ನು ಚಿಕ್ಕ ಮಕ್ಕಳ ಶಾಲೆಗೆ ಸಿದ್ಧಾಂತವಾಗಿ ತಂದವರು ಕೊಲಂಬಿಯಾ ವಿಶ್ವವಿದ್ಯಾಲಯದ ವಿಲಿಯಂ ಹರ್ಡ್ ಕಿಲ್‌ಪ್ಯಾಟ್ರಿಕ್. ಇವರು ಜಾನ್ ಡ್ಯೂಯಿ ಅವರ ಶಿಷ್ಯರು. 1918ರಲ್ಲಿ ಪ್ರಕಟವಾದ ಅವರ 'ಪ್ರಾಜೆಕ್ಟ್ ಮೆಥಡ್' ಎಂಬ ಪ್ರಬಂಧ ಜಗತ್ತನ್ನೆಲ್ಲ ಸುತ್ತಿತು. ನಮ್ಮ ಶಿಕ್ಷಕರ ತರಬೇತಿ ಪುಸ್ತಕಗಳಲ್ಲಿ 'ಯೋಜನಾ ಪದ್ಧತಿ' ಎಂಬ ಹೆಸರಿನಲ್ಲಿ ಬರುವುದು ಇದೇ. ಅವರ ಪ್ರಕಾರ ಯಾವ ಪ್ರಾಜೆಕ್ಟಿಗಾದರೂ ನಾಲ್ಕು ಮೆಟ್ಟಿಲು. ಏನು ಮಾಡಬೇಕೆಂದು ಉದ್ದೇಶಿಸುವುದು, ಹೇಗೆಂದು ಯೋಜಿಸುವುದು, ಮಾಡುವುದು, ಮಾಡಿದ್ದನ್ನು ತಾನೇ ತೂಗಿ ನೋಡುವುದು. ಈ ನಾಲ್ಕೂ ಮಗುವಿನವೇ ಆಗಬೇಕು. ಮಗು ಮನಸಾರೆ ಇಟ್ಟುಕೊಂಡ ಉದ್ದೇಶವಿಲ್ಲದಿದ್ದರೆ ಉಳಿದದ್ದು ಬರಿಯ ಕೂಲಿ ಕೆಲಸವಾಗುತ್ತದೆ.

ಈ ವಿಚಾರಕ್ಕೆ ಏಟೂ ಬಿದ್ದವು. ಕ್ರಾಂತಿಯ ನಂತರ ಇದನ್ನು ಹುರುಪಿನಿಂದ ಬರಮಾಡಿಕೊಂಡಿದ್ದ ಸೋವಿಯತ್ ರಷ್ಯಾ, ಮಕ್ಕಳಿಗೆ ಕ್ರಮವಾದ ಜ್ಞಾನ ಸಿಗುತ್ತಿಲ್ಲವೆಂದು 1931ರಲ್ಲಿ ಪಕ್ಷದ ನಿರ್ಣಯದ ಮೂಲಕವೇ ಕೈಬಿಟ್ಟಿತು. ಸ್ವತಃ ಡ್ಯೂಯಿ 1938ರಲ್ಲಿ ಎಚ್ಚರಿಸಿದರು. ಮಕ್ಕಳಿಗೆ ಸ್ವಾತಂತ್ರ್ಯ ಕೊಡುವುದೆಂದರೆ ಶಿಕ್ಷಕ ಕೈಕಟ್ಟಿ ಕೂರುವುದಲ್ಲ, ಹೆಚ್ಚು ಅನುಭವವುಳ್ಳವನು ದಾರಿ ತೋರಲೇಬೇಕು ಎಂಬುದು ಅವರ ನಿಲುವು. ಈ ಮಾತನ್ನು ನಾವು ನೆನಪಿಟ್ಟುಕೊಳ್ಳಬೇಕು. ಕೊನೆಯಲ್ಲಿ ಮತ್ತೆ ಇದಕ್ಕೆ ಬರುತ್ತೇನೆ.

ಮೋಗಾದಿಂದ ಜಾಮಿಯಾಕ್ಕೆ

ಹಿಂದೂಸ್ತಾನದಲ್ಲಿ ಈ ಪ್ರಯೋಗಕ್ಕೆ ಹೆಸರಾದ ಮೊದಲ ಜಾಗ ಪಂಜಾಬಿನ ಮೋಗಾ. ಅಲ್ಲಿನ ಅಮೆರಿಕನ್ ಮಿಷನ್ನಿನ ಶಿಕ್ಷಕ ತರಬೇತಿ ಶಾಲೆಯಲ್ಲಿ 1920ರ ದಶಕದಲ್ಲಿ ವಿಲಿಯಂ ಮೆಕೀ ಹಳ್ಳಿಯ ಮಕ್ಕಳಿಗಾಗಿ ಪ್ರಾಜೆಕ್ಟ್ ಪದ್ಧತಿಯನ್ನು ಒಗ್ಗಿಸಿದರು. ಮನೆ, ಅಂಗಡಿ, ಹೊಲ ಇವೇ ಪಾಠ. ಪುಟ್ಟ ಮನೆ ಕಟ್ಟುತ್ತ ಅಳತೆ, ಅಂಗಡಿ ನಡೆಸುತ್ತ ಲೆಕ್ಕ, ಬರೆಯಬೇಕಾದ ಕಾಗದವಿದೆ ಎಂಬ ಕಾರಣಕ್ಕೆ ಅಕ್ಷರ.

ಮೋಗಾದಲ್ಲಿ ಇದನ್ನು ಕಲಿತು ಬಂದವರಲ್ಲಿ ಅಬ್ದುಲ್ ಗಫ್ಫಾರ್ ಮಧೋಲಿ ಒಬ್ಬರು. ಅವರು ದೆಹಲಿಯ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಪ್ರಾಥಮಿಕ ಶಾಲೆಯ ಮೇಷ್ಟರು. ಕನ್ನಡ ಓದುಗರಿಗೆ ಈ ಹೆಸರು ಅಪರಿಚಿತ. ಉರ್ದು ಬಲ್ಲವರಲ್ಲೂ ಬಹಳ ಮಂದಿ ಮರೆತಿದ್ದಾರೆ. ಜಾಮಿಯಾದ ಚರಿತ್ರೆ ಹೇಳುವ 'ಜಾಮಿಯಾ ಕೀ ಕಹಾನಿ' ಬರೆದವರು ಅವರೇ.

ಜಾಮಿಯಾ 1920ರಲ್ಲಿ ಖಿಲಾಫತ್ ಮತ್ತು ಅಸಹಕಾರ ಚಳವಳಿಗಳ ಕಾವಿನಲ್ಲಿ ಅಲಿಗಢದಲ್ಲಿ ಹುಟ್ಟಿ, 1925ರಲ್ಲಿ ದೆಹಲಿಗೆ ಬಂತು. ಸರಕಾರದ ಹಣ ಮುಟ್ಟದ ಸಂಸ್ಥೆ ಅದು. 1928ರಲ್ಲಿ ಅಲ್ಲಿನ ಕೆಲವು ಅಧ್ಯಾಪಕರು, 20 ವರ್ಷ ಇಲ್ಲೇ ದುಡಿಯುತ್ತೇವೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಕೇಳುವುದಿಲ್ಲ ಎಂದು ಪ್ರತಿಜ್ಞೆ ಮಾಡಿದರು. ಅವರ ಮುಂದಾಳು ಡಾ. ಝಾಕಿರ್ ಹುಸೇನ್. ಜರ್ಮನಿಯಲ್ಲಿ ಅರ್ಥಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದ ಈ ಮನುಷ್ಯ ತನ್ನ ಮಗಳ ಹೆಸರಿನಲ್ಲಿ ಮಕ್ಕಳ ಕಥೆಗಳನ್ನು ಬರೆಯುತ್ತಿದ್ದರು. ಕುಲಪತಿಯೊಬ್ಬರು ಮಕ್ಕಳನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡದ್ದು ನಮ್ಮ ದೇಶದಲ್ಲಿ ಅಪರೂಪ.

ಇಂಥ ಕಡೆ ಮಧೋಲಿಯವರ ಪ್ರಾಜೆಕ್ಟುಗಳಿಗೆ ಜಾಗ ಸಿಕ್ಕಿತು. ಪ್ರಾಥಮಿಕ ಶಾಲೆಯ ಮಕ್ಕಳು ತಮ್ಮದೇ ಅಂಗಡಿ ನಡೆಸಿದರು, ತಮ್ಮದೇ ಬ್ಯಾಂಕ್ ನಡೆಸಿದರು. ಮಕ್ಕಳಿಗಾಗಿ 'ಪಯಾಮೆ ತಾಲೀಮ್' ಎಂಬ ಪತ್ರಿಕೆಯೂ ಇತ್ತು. 1930ರ ದಶಕದಲ್ಲಿ ಜರ್ಮನಿಯಿಂದ ಗೆರ್ಡಾ ಫಿಲಿಪ್ಸ್‌ಬಾರ್ನ್ ಎಂಬ ಯಹೂದಿ ಮಹಿಳೆ ಬಂದು ಚಿಕ್ಕ ಮಕ್ಕಳ ಆರೈಕೆಗೆ ನಿಂತರು. ಮಕ್ಕಳಿಗೆ ಅವರು 'ಆಪಾಜಾನ್'. ಒಂದು ಮುಸ್ಲಿಂ ವಿದ್ಯಾಸಂಸ್ಥೆ, ಕ್ರೈಸ್ತ ಮಿಷನ್ನಿನಿಂದ ಕಲಿತು ಬಂದ ಮೇಷ್ಟರು, ಯಹೂದಿ ಅಕ್ಕ! ಕಲಿಕೆಯ ಚರಿತ್ರೆಯಲ್ಲಿ ಬೇಲಿಗಳು ಇರುವುದಿಲ್ಲ.

ಒಂದು ಘಟನೆ ಹೇಳಿದರೆ ಜಾಮಿಯಾದ ಮನಸ್ಸು ಅರ್ಥವಾಗುತ್ತದೆ. 1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಹೊಸ ಕಟ್ಟಡಕ್ಕೆ ಅಡಿಗಲ್ಲು ಇಡಬೇಕಿತ್ತು. ಕರೆಯಬೇಕೆಂದರೆ ದೊಡ್ಡ ನಾಯಕರಿಗೆ ಬರವಿರಲಿಲ್ಲ. ಆದರೆ ಅಡಿಗಲ್ಲು ಇಟ್ಟದ್ದು ಶಾಲೆಯ ಅತ್ಯಂತ ಕಿರಿಯ ವಿದ್ಯಾರ್ಥಿ, ಅಬ್ದುಲ್ ಅಝೀಝ್ ಎಂಬ ಹುಡುಗ. ಶಾಲೆ ಯಾರದು ಎಂಬ ಪ್ರಶ್ನೆಗೆ ಅಂದು ಕಲ್ಲಿನಲ್ಲೇ ಉತ್ತರ ಬರೆದಂತಾಯಿತು.

ವಾರ್ಧಾ, ಧಾರವಾಡ ಮತ್ತು ಚರಕ

1937ರ ಅಕ್ಟೋಬರಿನಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಕರೆದಾಗ, ಯೋಜನೆಯ ಕರಡು ಸಿದ್ಧಪಡಿಸುವ ಸಮಿತಿಗೆ ಅಧ್ಯಕ್ಷರಾದವರು ಇದೇ ಝಾಕಿರ್ ಹುಸೇನ್. ಕೈಕಸುಬಿನ ಸುತ್ತ ಎಲ್ಲ ಪಾಠ ಎಂಬ ಮೂಲ ಶಿಕ್ಷಣ ಹೀಗೆ ರೂಪುಗೊಂಡಿತು. ಮುಂಬಯಿ ಪ್ರಾಂತ್ಯದಲ್ಲಿ ಇದನ್ನು ಮೊದಲು ಕೆಲವು ಆಯ್ದ ಪ್ರದೇಶಗಳಲ್ಲಿ ಪರೀಕ್ಷಿಸಲಾಯಿತು. ಕನ್ನಡ ಭಾಗದಲ್ಲಿ ಅದಕ್ಕೆ ಆರಿಸಿದ್ದು ಧಾರವಾಡ ಜಿಲ್ಲೆಯನ್ನು. ಸೂಡಿ ಇದ್ದ ರೋಣ ತಾಲೂಕು ಆಗ ಆ ಜಿಲ್ಲೆಗೇ ಸೇರಿತ್ತು. ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಎರೆ ಮಣ್ಣಿನ ಹತ್ತಿಯ ನಾಡಿಗೆ ನೂಲುವ ಪಾಠ ಹೊಂದುವಂಥದ್ದೇ. ಆದರೆ ಯೋಜನೆ ಇಲಾಖೆಯ ಕೈಗೆ ಹೋದಂತೆ ಆತ್ಮ ಸೋರಿಹೋಯಿತು. ಎಲ್ಲ ಮಕ್ಕಳಿಗೂ ಅದೇ ತಕಲಿ, ಅದೇ ಗಂಟೆ, ಇಷ್ಟು ನೂಲು ಎಂಬ ಲೆಕ್ಕ. ಯಾವ ಕೆಲಸವೂ ತನ್ನಷ್ಟಕ್ಕೆ ತಾನೇ ಶಿಕ್ಷಣವಾಗುವುದಿಲ್ಲ ಎಂಬುದನ್ನು ಝಾಕಿರ್ ಹುಸೇನ್ 1958ರ ತಮ್ಮ ಪಟೇಲ್ ಸ್ಮಾರಕ ಉಪನ್ಯಾಸಗಳಲ್ಲಿ ವಿವರಿಸಿದರು. ಮನಸ್ಸು ಉದ್ದೇಶ ಹೂಡಬೇಕು, ದಾರಿ ಯೋಚಿಸಬೇಕು, ಮಾಡಿ ಮುಗಿಸಬೇಕು, ಕೊನೆಗೆ ತನ್ನ ಕೆಲಸವನ್ನು ತಾನೇ ವಿಮರ್ಶಿಸಬೇಕು. ಆಗ ಮಾತ್ರ ಕೆಲಸ ಕಲಿಸುತ್ತದೆ. ಕಿಲ್‌ಪ್ಯಾಟ್ರಿಕ್ ಹೇಳಿದ ನಾಲ್ಕು ಮೆಟ್ಟಿಲುಗಳೇ ಇಲ್ಲೂ ಇವೆ. ಶಾಲೆಗಳು ಮೂರನೆಯದನ್ನು ಮಾತ್ರ ಉಳಿಸಿಕೊಂಡವು.

ಕನ್ನಡದಲ್ಲಿ ಬೇರೊಂದು ದಾರಿಯಿಂದ ಇದೇ ಕಡೆಗೆ ನಡೆದವರು ಶಿವರಾಮ ಕಾರಂತರು. ಪುತ್ತೂರಿನ ಗುಡ್ಡದ ಮೇಲಿನ 'ಬಾಲವನ'ದಲ್ಲಿ ಆಟ, ಕುಣಿತ, ನಾಟಕ, ಚಿತ್ರಗಳ ಮೂಲಕ ಮಕ್ಕಳು ತಾವಾಗಿ ಕಲಿಯಲಿ ಎಂದು ಪ್ರಯೋಗ ನಡೆಸಿದರು. 1936ರಲ್ಲಿ 'ಬಾಲಪ್ರಪಂಚ' ಎಂಬ ಮಕ್ಕಳ ವಿಶ್ವಕೋಶವನ್ನು ಒಬ್ಬರೇ ಬರೆದು ಹೊರತಂದರು. ಮಗು ಪ್ರಶ್ನೆ ಕೇಳಿದಾಗ ಕನ್ನಡದಲ್ಲಿ ಉತ್ತರ ಸಿಗಬೇಕಲ್ಲವೇ? ಅವರ ಶಾಲೆ ಬಹುಕಾಲ ಬಾಳಲಿಲ್ಲ. ಪರೀಕ್ಷೆಗೆ ತಯಾರು ಮಾಡದ ಶಾಲೆಗಳು ನಮ್ಮಲ್ಲಿ ಬಾಳುವುದು ಕಷ್ಟ.

ಅಜ್ಜನ ಬಿಲ್ಲು

ಇಲ್ಲಿ ನನ್ನದೊಂದು ನೆನಪು ಹೇಳಲೇಬೇಕು. ನಮ್ಮದು ಹತ್ತಿ ಹಿಂಜುವವರ ಮನೆತನ. ಮನೆಯಲ್ಲಿ ಕನ್ನಡ. ಏಳನೆಯ ಇಯತ್ತೆವರೆಗೆ ನಾನು ಉರ್ದು ಶಾಲೆಯಲ್ಲಿ ಓದಿದೆ, ಆಮೇಲೆ ಕನ್ನಡ ಹೈಸ್ಕೂಲು. ಅಲ್ಲಿ ಇತಿಹಾಸದ ಮೇಷ್ಟರು ಒಮ್ಮೆ, ಇತಿಹಾಸಕ್ಕೆ ಸಂಬಂಧಪಟ್ಟ ಒಂದು ವಸ್ತು ಮಾಡಿಕೊಂಡೋ ತೆಗೆದುಕೊಂಡೋ ಬನ್ನಿ ಎಂದರು. ಉಳಿದವರು ರಟ್ಟಿನ ಕೋಟೆ, ಬೆಂಕಿಕಡ್ಡಿಯ ಗೋಲಗುಮ್ಮಟ ತಂದರು. ನಾನು ಅಜ್ಜನ ಹಿಂಜುವ ಬಿಲ್ಲು ಹೊತ್ತುಕೊಂಡು ಹೋದೆ. ನನಗಿಂತ ಉದ್ದವಿತ್ತು. ಅದರ ತಂತಿ ಮಿಡಿದರೆ ಬರುವ ಸದ್ದಿಗೆ ಓಣಿಯವರೆಲ್ಲ "ಹಿಂಜಾವ ಬಂದ" ಎಂದು ಗಾದಿ, ದಿಂಬು ಹೊರಗೆ ಹಾಕುತ್ತಿದ್ದ ಕಾಲವೊಂದಿತ್ತು. ನಾನು ಕಾಣುವ ಹೊತ್ತಿಗೆ ಬಿಲ್ಲು ಗೋಡೆಗೆ ತೂಗುಬಿದ್ದಿತ್ತು. ಯಾಕೆ ತೂಗುಬಿತ್ತು ಎಂಬುದು ನನ್ನ ಪ್ರಶ್ನೆಯಾಗಿತ್ತು.

ಮೇಷ್ಟರು ನೋಡಿ ನಕ್ಕರು. "ಇತಿಹಾಸದಾಗ ಟಿಪ್ಪುವಿನ ಕತ್ತಿ ಐತಿ, ಶಿವಾಜಿಯ ಕತ್ತಿ ಐತಿ. ಪಿಂಜಾರನ ಬಿಲ್ಲು ಎಲ್ಲೈತೋ?" ಎಂದರು. ತರಗತಿಯೂ ನಕ್ಕಿತು. ಅವರು ಕೆಟ್ಟ ಮನುಷ್ಯರಲ್ಲ. ಅವರಿಗೂ ಯಾರೋ ಹಾಗೆಯೇ ಕಲಿಸಿದ್ದರು. ಆ ಸಂಜೆ ಬಿಲ್ಲನ್ನು ಹಿತ್ತಲ ದಾರಿಯಿಂದ ಮನೆಗೆ ತಂದೆ. ಅಜ್ಜ ಏನೂ ಕೇಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಓದಿ ತಿಳಿದುಕೊಂಡೆ. 1840ರ ದಶಕದಲ್ಲಿ ಬ್ರಿಟಿಷರು ಅಮೆರಿಕದ ಹತ್ತಿ ಬೀಜ ತಂದು ಧಾರವಾಡ ಸೀಮೆಯಲ್ಲಿ ಬಿತ್ತಿಸಿದರು. 'ಧಾರವಾಡ ಅಮೆರಿಕನ್' ಎಂಬ ಹೆಸರಿನಲ್ಲೇ ಆ ಹತ್ತಿ ಪೇಟೆಗೆ ಹೋಗುತ್ತಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ, ನಮ್ಮ ಎರೆ ಹೊಲದ ಹತ್ತಿಗೆ ಬಂಗಾರದ ಬೆಲೆ ಬಂತು. ಮುಂದೆ ರೈಲು ಬಂತು, ಜಿನ್ನಿಂಗ್ ಗಿರಣಿಗಳು ಬಂದವು, ಗಿರಣಿಯ ಬಟ್ಟೆ ಬಂತು. ಕೈಕಸುಬುಗಳು ಒಂದೊಂದಾಗಿ ಸೊರಗಿದವು. ಅಜ್ಜನ ಬಿಲ್ಲಿನ ತಂತಿಯ ಇನ್ನೊಂದು ತುದಿ ಅಮೆರಿಕದ ಗುಲಾಮಗಿರಿಯ ಹೊಲಗಳಿಗೂ ಇಂಗ್ಲೆಂಡಿನ ಗಿರಣಿಗಳಿಗೂ ಕಟ್ಟಿಕೊಂಡಿತ್ತು. ಪಠ್ಯಪುಸ್ತಕದಲ್ಲಿ ಇವೆಲ್ಲ ಬೇರೆ ಬೇರೆ ಪಾಠಗಳಾಗಿ ಇದ್ದವು. ನನ್ನ ಪ್ರಶ್ನೆ ಅಂದು ತರಗತಿಯಲ್ಲಿ ಉಳಿದುಕೊಂಡಿದ್ದರೆ ನಲವತ್ತು ಮಕ್ಕಳಿಗೂ ಅವು ಒಂದೇ ಕಥೆಯಾಗುತ್ತಿದ್ದವು.

ಮಗು ಆರಿಸಿದ ವಿಷಯ ಚಿಕ್ಕದು, ಮನೆಯದು, ಪಠ್ಯಕ್ಕೆ ಸಲ್ಲದ್ದು ಎಂದು ತಳ್ಳಿಹಾಕುವವರು ಇದನ್ನು ಯೋಚಿಸಬೇಕು. ವಿಷಯವನ್ನು ತಿರಸ್ಕರಿಸಿದಾಗ ಮಗುವಿಗೆ ಕೇಳಿಸುವುದು ಬೇರೆ ಮಾತು: ನಿನ್ನ ಮನೆಗೆ ಇತಿಹಾಸವಿಲ್ಲ. ಬಡವರ, ದಲಿತರ, ಮುಸಲ್ಮಾನರ, ಕಸುಬಿನವರ ಮಕ್ಕಳು ಈ ಮಾತನ್ನು ಬಹಳ ಬೇಗ ಕೇಳಿಸಿಕೊಳ್ಳುತ್ತಾರೆ.

ಆಯ್ಕೆ ಉಳಿದಲ್ಲಿ

ಎಲ್ಲೂ ಏನೂ ಆಗಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಕ್ರಮವನ್ನು ನೋಡಿ ಬಂದು 'ನಲಿ ಕಲಿ' ಆರಂಭಿಸಿದರು. ಮಗು ತನ್ನ ವೇಗದಲ್ಲಿ ಮೆಟ್ಟಿಲು ಹತ್ತಬಹುದು ಎಂದು ಅದು ಒಪ್ಪಿತು. ವೇಗ ಮಗುವಿನದಾಯಿತು, ವಿಷಯ ಇನ್ನೂ ಆಗಿರಲಿಲ್ಲ.

ವಿಷಯವನ್ನೂ ಮಕ್ಕಳಿಗೆ ಬಿಟ್ಟುಕೊಟ್ಟದ್ದು 1993ರಲ್ಲಿ ದೇಶಾದ್ಯಂತ ಆರಂಭವಾದ ಮಕ್ಕಳ ವಿಜ್ಞಾನ ಸಮಾವೇಶ. ಕರ್ನಾಟಕದಲ್ಲಿ ಇದನ್ನು ನಡೆಸಿಕೊಂಡು ಬಂದದ್ದು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. 10ರಿಂದ 17 ವರ್ಷದ ಮಕ್ಕಳು ಗುಂಪುಗೂಡಿ, ತಮ್ಮ ಊರಿನ ಒಂದು ಸಮಸ್ಯೆಯನ್ನು ತಾವೇ ಗುರುತಿಸಿ, ಒಬ್ಬ ಮಾರ್ಗದರ್ಶಿಯ ನೆರವಿನಿಂದ ಅಧ್ಯಯನ ಮಾಡಿ, ತಮ್ಮ ಭಾಷೆಯಲ್ಲೇ ಮಂಡಿಸಬಹುದು. ಇಡೀ ದೇಶಕ್ಕೆ ಒಂದು ಮುಖ್ಯ ವಿಷಯ ಇರುತ್ತದೆ. 2004 ಮತ್ತು 2005ರಲ್ಲಿ ಅದು ನೀರು, 2006 ಮತ್ತು 2007ರಲ್ಲಿ ಜೀವವೈವಿಧ್ಯ. ಆ ಚೌಕಟ್ಟಿನೊಳಗೆ ಪ್ರಶ್ನೆ ಮಕ್ಕಳದು. ಚೌಕಟ್ಟು ಹಿರಿಯರದು, ಪ್ರಶ್ನೆ ಕಿರಿಯರದು! ಡ್ಯೂಯಿ ಕೇಳಿದ್ದೂ ಇಂಥದ್ದನ್ನೇ.

ಶಾಲೆಯ ಹೊರಗಿನ ಬದುಕಿಗೆ ಜ್ಞಾನವನ್ನು ಜೋಡಿಸಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿತು. ಆಮೇಲೆ ನಮ್ಮ ರಾಜ್ಯದಲ್ಲಿ ನಿರಂತರ ಮೌಲ್ಯಮಾಪನ ಬಂದು ಚಟುವಟಿಕೆಗಳಿಗೆ, ಪ್ರಾಜೆಕ್ಟುಗಳಿಗೆ ಆಂತರಿಕ ಅಂಕಗಳು ಬಂದವು. ಉದ್ದೇಶ ಒಳ್ಳೆಯದೇ. ಆದರೆ ಅಂಕ ಬಂದ ಕೂಡಲೇ ಅಂಗಡಿಯೂ ಬಂತು. ಸಿದ್ಧ ಚಿತ್ರದ ಹಾಳೆ, ಸಿದ್ಧ ಬರಹ, ಈಗ ಮೊಬೈಲಿನಲ್ಲಿ ಕೇಳಿದರೆ ಕ್ಷಣದಲ್ಲಿ ಪೂರ್ತಿ ಪ್ರಬಂಧ. ಮಗು ಮೋಸ ಮಾಡುತ್ತಿದೆ ಎಂದು ನಾವು ದೂರುತ್ತೇವೆ. ತನ್ನದಲ್ಲದ ಪ್ರಶ್ನೆಗೆ ತನ್ನದೇ ಉತ್ತರವನ್ನು ಅದು ಎಲ್ಲಿಂದ ತರಬೇಕು?

ಸೂಡಿಯಲ್ಲೇ ಇರುವ ಪಾಠಗಳು

ಮತ್ತೆ ಸೂಡಿಗೆ ಬರೋಣ. ಶಾಸನಗಳಲ್ಲಿ ಇದರ ಹೆಸರು ಸೂಂಡಿ. ಕಿಸುಕಾಡು ಎಪ್ಪತ್ತು ಎಂಬ ನಾಡಿನ ಮುಖ್ಯ ಪಟ್ಟಣ, ನಾಣ್ಯ ಟಂಕಿಸುತ್ತಿದ್ದ ಊರು. ಇಲ್ಲಿನ ಹಲವು ಶಾಸನಗಳನ್ನು ಲಯೊನೆಲ್ ಬಾರ್ನೆಟ್ 'ಎಪಿಗ್ರಾಫಿಯಾ ಇಂಡಿಕಾ'ದ 15ನೆಯ ಸಂಪುಟದಲ್ಲಿ ಪ್ರಕಟಿಸಿದರು. ಚಾಲುಕ್ಯ ರಾಜಕುಮಾರಿ ಅಕ್ಕಾದೇವಿ 11ನೆಯ ಶತಮಾನದಲ್ಲಿ ಈ ನಾಡನ್ನು ಆಳಿದಳು. ಒಬ್ಬ ಹೆಣ್ಣುಮಗಳು ನಾಡು ಆಳಿದ್ದು ಹೇಗೆ ಎಂದು ಇಲ್ಲಿನ ಒಬ್ಬ ಹುಡುಗಿ ಕೇಳಬಹುದಲ್ಲ!

ಅದೇ ಶತಮಾನದ ನಡುವಿನ ಇನ್ನೊಂದು ಶಾಸನದ ಪ್ರಕಾರ, ಚೋಳರ ಜತೆಗಿನ ಯುದ್ಧದ ಸಂಕಟದಲ್ಲಿ ಹದಗೆಟ್ಟಿದ್ದ ಕಟ್ಟುಕಟ್ಟಳೆಗಳನ್ನು ಊರಿನ ಎಂಟು ಸೆಟ್ಟಿಗಳಿಗೆ ಮತ್ತು ಎಂಬತ್ತು ಮನೆಯವರಿಗೆ ಅಕ್ಕಾದೇವಿ ಹೊಸದಾಗಿ ಊರ್ಜಿತಗೊಳಿಸಿದಳು. ಯಾರು ಆ ಎಂಬತ್ತು ಮನೆಯವರು? ಯುದ್ಧ ಬಂದಾಗ ಪೇಟೆಗೆ ಏನಾಗುತ್ತದೆ? ವ್ಯಾಪಾರಿಯ ಮಗನಿಗೆ ಇದು ಬೇರೆ ಪ್ರಶ್ನೆ, ಕೂಲಿಯವನ ಮಗನಿಗೆ ಬೇರೆ.

ಇನ್ನೂ ಸೋಜಿಗದ್ದು ಸೂಡಿಯ ತಾಮ್ರಪಟಗಳು. ಕ್ರಿ.ಶ. 938ರಲ್ಲಿ ಗಂಗರ ಬೂತುಗ, ತನ್ನ ಹೆಂಡತಿ ದೀವಳಾಂಬಾ ಸೂಂಡಿಯಲ್ಲಿ ಕಟ್ಟಿಸಿದ ಜಿನಾಲಯಕ್ಕೆ ದತ್ತಿ ಬಿಟ್ಟನೆಂದು ಅವು ಹೇಳುತ್ತವೆ. ಅವನ್ನು ಪರಿಶೀಲಿಸಿದ ಜೆ.ಎಫ್. ಫ್ಲೀಟ್, ಇವು ಆ ಕಾಲದವಲ್ಲ, ಕೂಟಪತ್ರ ಎಂದು ತೀರ್ಮಾನಿಸಿದರು. ತಾಮ್ರದಲ್ಲಿ ಕೆತ್ತಿದ್ದೂ ಸುಳ್ಳಾಗಬಹುದು! ಮೊಬೈಲಿನಲ್ಲಿ ಬಂದ ಪ್ರತಿಯೊಂದನ್ನೂ ಇತಿಹಾಸವೆಂದು ನಂಬಿ ನೆರೆಮನೆಯವರನ್ನು ದ್ವೇಷಿಸುವ ಈ ದಿನಗಳಲ್ಲಿ, ಒಂದು ದಾಖಲೆ ನಿಜವೋ ಸುಳ್ಳೋ ಎಂದು ತೂಗುವುದನ್ನು ಮಕ್ಕಳು ತಮ್ಮ ಊರಿನ ತಾಮ್ರಪಟದಿಂದಲೇ ಕಲಿಯಲಿ. ನಾಲ್ಕನೆಯ ಮೆಟ್ಟಿಲು ಅಂದರೆ ಅದೇ.

ಹಾಗಾದರೆ ಶಿಕ್ಷಕನ ಕೆಲಸವೇನು? ಹಿಂದಿಗಿಂತ ಹೆಚ್ಚು. ಪ್ರಶ್ನೆ ಕೇಳಿಸಿಕೊಳ್ಳಬೇಕು. ದೊಡ್ಡದಾದರೆ ಕೈಗೆ ಎಟುಕುವಷ್ಟು ಚಿಕ್ಕದು ಮಾಡಿಕೊಡಬೇಕು. ಬಾವಿಯ ಪ್ರಶ್ನೆ ಹಿಡಿದ ಹುಡುಗನನ್ನು ಊರಿನ ಬಾವಿ ತೋಡುವವರ ಹತ್ತಿರ, ಕಲ್ಲು ಒಡೆಯುವವರ ಹತ್ತಿರ ಕಳಿಸಬೇಕು. ಬೇಸಿಗೆಯಲ್ಲಿ ನೀರು ಎಷ್ಟು ಇಳಿಯುತ್ತದೆ, ಮಳೆಗಾಲದಲ್ಲಿ ಎಷ್ಟು ಏರುತ್ತದೆ ಎಂದು ದೊಡ್ಡವರ ಜತೆಯಲ್ಲಿ ನಿಂತು ಅಳೆದು ಬರೆದಿಡಲು ಹೇಳಬೇಕು. ತಪ್ಪಿದಲ್ಲಿ ತಿದ್ದಬೇಕು. ಗೊತ್ತಿಲ್ಲದ್ದನ್ನು "ನನಗೂ ಗೊತ್ತಿಲ್ಲ, ಹುಡುಕೋಣ" ಎನ್ನುವ ಧೈರ್ಯ ಬೇಕು. ಅರವತ್ತು ಮಕ್ಕಳ ತರಗತಿ, ಜನಗಣತಿ, ಚುನಾವಣೆ, ಬಿಸಿಯೂಟದ ಲೆಕ್ಕ ಇವುಗಳ ನಡುವೆ ನಮ್ಮ ಶಿಕ್ಷಕರಿಗೆ ಇದು ಸುಲಭವಲ್ಲ. ಅದಕ್ಕೇ ವರ್ಷಕ್ಕೆ ಹತ್ತು ಪ್ರಾಜೆಕ್ಟ್ ಬೇಡ, ಒಂದು ಸಾಕು. ಅದೊಂದು ಮಗುವಿನದಾಗಿರಲಿ.

ನಾಗಕುಂಡದ ಬಳಿ ಆ ಹುಡುಗನಿಗೆ ನಾನು ಉತ್ತರ ಕೊಡಲಾಗಲಿಲ್ಲ. ಆದರೆ ಅವನ ಪ್ರಾಜೆಕ್ಟಿನ ಕೊನೆಯ ಖಾಲಿ ಹಾಳೆಯಲ್ಲಿ ಆ ಪ್ರಶ್ನೆಯನ್ನು ಅವನ ಕೈಯಿಂದಲೇ ಬರೆಸಿದೆ. "ಮಾರ್ಕ್ಸ್ ಕೊಡತಾರೇನ್ರಿ ಇದಕ್ಕ?" ಎಂದ. ಕೊಡಲಿಕ್ಕಿಲ್ಲ ಎಂದೆ. ಆದರೂ ಅವನು ಅದನ್ನು ಹೊಡೆದು ಹಾಕಲಿಲ್ಲ. ಹಾಳೆ ಮಡಚಿ ಚೀಲದಲ್ಲಿಟ್ಟುಕೊಂಡು, ನೀರು ಎಲ್ಲಿಯವರೆಗೆ ಇದೆ ನೋಡೋಣವೆಂದು ನನ್ನನ್ನೂ ಕರೆದುಕೊಂಡು ಮೆಟ್ಟಿಲು ಇಳಿಯತೊಡಗಿದ.